ಹಾಸುಹೊಕ್ಕಿನಲ್ಲಿ ಹದಿನಾರು ಸಾವಿರ ನೆನಪು

ಬೆಳಗ್ಗೆ ಎಂಟು ಗಂಟೆಗೆ ಅತ್ತಿಬೆಲೆ ಟೋಲ್ ಬಳಿ ನಿಂತು ನೋಡಿ. ಹೊಸೂರಿನ ಕಡೆಯಿಂದ ಕಂಪನಿ ಬಸ್ಸು, ಲಾರಿ, ಬೈಕು ಎಲ್ಲವೂ ಒಂದೇ ರಸ್ತೆಗೆ ಬಂದು ಬೀಳುತ್ತವೆ. ಮನೆ ಗಡಿಯಾಚೆ, ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಹೊತ್ತೂ ಡೀಸೆಲ್ಲೂ ಓಡಾಟಕ್ಕೇ ಸವೆಯುತ್ತವೆ.

ನಿಮ್ಮ ಜೇಬಿನ ಮೊಬೈಲಿನೊಳಗೂ ನಡೆಯುತ್ತಿರುವುದು ಇದೇ! ನೆನಪು ಒಂದು ಕಡೆ, ಲೆಕ್ಕ ಇನ್ನೊಂದು ಕಡೆ. ಪ್ರತಿ ಸಲವೂ ಅಂಕಿಗಳು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಬೇಕು. ಕೃತಕ ಬುದ್ಧಿಮತ್ತೆಯ ಯಂತ್ರಗಳು ನುಂಗುವ ವಿದ್ಯುತ್ತಿನಲ್ಲಿ ದೊಡ್ಡ ಪಾಲು ಈ ಓಡಾಟದ್ದು. ನೆನಪಿರುವ ಜಾಗದಲ್ಲೇ ಲೆಕ್ಕವೂ ಆಗಿಬಿಟ್ಟರೆ?

ಆಗಿದೆ! ಇದೇ ರಸ್ತೆ ಹಿಡಿದು ಬೆಂಗಳೂರಿನ ಆ ತುದಿಗೆ ಹೋದರೆ ಸಿಗುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಗಿದೆ. ಅಲ್ಲಿನ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದ ಶ್ರೀತೋಷ್ ಗೋಸ್ವಾಮಿ ಅವರ ತಂಡದ ಶೋಧ 2024ರ ಸೆಪ್ಟೆಂಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದಾಗ ನಾನು ಓದಿದ್ದನ್ನೇ ಮೂರು ಸಲ ಓದಿದೆ.

ಆನೇಕಲ್ಲಿನ ರೇಷ್ಮೆ ಮಗ್ಗ ನೋಡಿದವರಿಗೆ ಈ ಶೋಧದ ಒಳಗುಟ್ಟು ಸಲೀಸಾಗಿ ಸಿಗುತ್ತದೆ. ಮಗ್ಗದಲ್ಲಿ ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಇಲ್ಲಿ 64 ತಂತಿ ಉದ್ದಕ್ಕೆ, 64 ತಂತಿ ಅಡ್ಡಕ್ಕೆ. ಒಂದನ್ನೊಂದು ಹಾಯುವ ಜಾಗಗಳು 4,096. ಅಂಥ ಪ್ರತಿಯೊಂದು ಜಾಗದಲ್ಲೂ ಎರಡು ತಂತಿಗಳ ನಡುವೆ ರುಥೇನಿಯಂ ಲೋಹವನ್ನು ಒಡಲಲ್ಲಿಟ್ಟುಕೊಂಡ ಅಣುಗಳ ತೆಳುಪದರ. ರೇಷ್ಮೆಗೂಡಿನಿಂದ ಬಿಚ್ಚಿದ ಒಂಟಿ ಎಳೆಯೇ ಹತ್ತು ಸಾವಿರ ನ್ಯಾನೊಮೀಟರಿಗಿಂತ ದಪ್ಪವಿರುತ್ತದೆ. ಈ ಅಣುವಾದರೋ ಒಂದೆರಡು ನ್ಯಾನೊಮೀಟರ್!

ಈಗ ಪದರಕ್ಕೆ ವೋಲ್ಟೇಜಿನ ಒಂದು ಮಿಡಿತ ಕೊಡಿ, ಹೊತ್ತು ಹಿಡಿದು, ಅಳೆದು. ಅಣುಗಳೂ ಅಯಾನುಗಳೂ ತುಸುವೇ ಅಲುಗುತ್ತವೆ. ಕರೆಂಟು ಹರಿಯುವ ಸಲೀಸು ಒಂದು ಮೆಟ್ಟಿಲು ಬದಲಾಗುತ್ತದೆ. ಇನ್ನೊಂದು ಮಿಡಿತ, ಇನ್ನೊಂದು ಮೆಟ್ಟಿಲು. ಡಿಜಿಟಲ್ ಲೆಕ್ಕಕ್ಕೆ ಗೊತ್ತಿರುವುದು ಸೊನ್ನೆ, ಒಂದು ಎಂಬ ಎರಡೇ ಮಾತು. ಈ ಪದರಕ್ಕೆ ಸುಮಾರು 16,500!

ಇನ್ನು ಲೆಕ್ಕ. ಹಾಸಿನ ತಂತಿಗಳಿಗೆ ವೋಲ್ಟೇಜ್ ಕೊಟ್ಟರೆ ಸಾಕು, ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಓಮ್ ನಿಯಮವೇ ಗುಣಾಕಾರ ಮಾಡುತ್ತದೆ. ಹೊಕ್ಕಿನ ತಂತಿಯಲ್ಲಿ ಬಂದು ಸೇರುವ ಕರೆಂಟೇ ಕೂಡಿದ ಮೊತ್ತ. 4,096 ಗುಣಾಕಾರ ಒಂದೇ ಏಟಿಗೆ!

ಈ ಬಟ್ಟೆಯನ್ನು ನೇಯ್ದ ಕೈಗಳಾದರೂ ಎಷ್ಟು ದೇಶಗಳವು! ನೆನಪಿಟ್ಟುಕೊಳ್ಳುವ ಇಂಥ ಸಾಧನ, ಅಂದರೆ ಮೆಮ್ರಿಸ್ಟರ್, ಇರಲೇಬೇಕೆಂದು ಲಿಯಾನ್ ಚುವಾ 1971ರಲ್ಲಿ ಅಮೆರಿಕದಲ್ಲಿ ಕಾಗದದ ಮೇಲೆ ತೋರಿಸಿದರು. 2008ರಲ್ಲಿ ಎಚ್‌ಪಿ ಪ್ರಯೋಗಾಲಯದ ಸ್ಟ್ಯಾನ್ಲಿ ವಿಲಿಯಮ್ಸ್ ತಂಡ ಅದನ್ನು ಕಣ್ಣೆದುರಿಗಿಟ್ಟಿತು. ಅದೇ ವಿಲಿಯಮ್ಸ್ ಟೆಕ್ಸಾಸಿನಿಂದ ಬೆಂಗಳೂರಿನ ಈ ಶೋಧಕ್ಕೂ ಜೊತೆಗಾರರಾದರು! ಅಣುಗಳ ರಸಾಯನ ಶ್ರೀಬ್ರತ ಗೋಸ್ವಾಮಿ ಅವರದು. ಅದರ ಬೇರು ಕೋಲ್ಕತ್ತದಲ್ಲಿದೆ. ಆ ಅಣುಗಳ ನೆನಪಿನ ಶಕ್ತಿಯನ್ನು ಶ್ರೀತೋಷ್ ಮೊದಲು ಪಳಗಿಸಿದ್ದು ಸಿಂಗಪುರದಲ್ಲಿ. ಅವು ಹೇಗೆ ಅಲುಗುತ್ತವೆಂದು ಕಂಪ್ಯೂಟರಿನಲ್ಲಿ ಲೆಕ್ಕಹಾಕಿದವರು ಐರ್ಲೆಂಡಿನ ಲಿಮೆರಿಕ್ ವಿಶ್ವವಿದ್ಯಾಲಯದ ಡೇಮಿಯನ್ ಥಾಂಪ್ಸನ್. ಎಲ್ಲವನ್ನೂ ಸರ್ಕ್ಯೂಟಿಗೆ ಇಳಿಸುವ ಹೊಣೆ ಹೊತ್ತವರು ಬೆಂಗಳೂರಿನ ನವಕಾಂತ ಭಟ್. ಅಣು ಒಬ್ಬರಿಗೆ ಗೊತ್ತು, ಅದರ ಅಲುಗಾಟ ಇನ್ನೊಬ್ಬರಿಗೆ, ತಂತಿ ಮತ್ತೊಬ್ಬರಿಗೆ. ಒಂದೆಳೆ ತಪ್ಪಿದ್ದರೂ ನೇಯ್ಗೆ ಬಿಚ್ಚಿಹೋಗುತ್ತಿತ್ತು.

ಕೊನೆಗೆ ಅವರು ಪರೀಕ್ಷೆಗಿಟ್ಟದ್ದು ಏನನ್ನು ಗೊತ್ತೇ? ಆಕಾಶವನ್ನು! ಜೇಮ್ಸ್ ವೆಬ್ ದೂರದರ್ಶಕ ಸುಮಾರು 6,500 ಜ್ಯೋತಿರ್ವರ್ಷ ದೂರದಿಂದ ಹಿಡಿದ 'ಸೃಷ್ಟಿಯ ಸ್ತಂಭಗಳ' ಚಿತ್ರವನ್ನು. ಆ ಚಿತ್ರವನ್ನು ಅಂಕಿಗಳಿಂದ ಮತ್ತೆ ಮೂಡಿಸುವ, ಸಾಮಾನ್ಯವಾಗಿ ಸೂಪರ್ ಕಂಪ್ಯೂಟರ್ ಬೇಡುವ ಲೆಕ್ಕ ಮೇಜಿನ ಮೇಲಿನ ಕಂಪ್ಯೂಟರಿನಲ್ಲೇ ಮುಗಿಯಿತು. ನಕ್ಷತ್ರಗಳು ಹುಟ್ಟುವ ಧೂಳಿನ ಕಂಬಗಳು ಅಣುಗಳ ಅಲುಗಾಟದಿಂದ ಮೂಡಿಬಂದವು!

ಸಂಜೆ ಮತ್ತೆ ಅತ್ತಿಬೆಲೆ. ಟೋಲಿನ ಸಾಲು ಹಾಗೇ ಇದೆ. ಕೈಯಲ್ಲಿ ಮೊಬೈಲು ಬೆಚ್ಚಗಾಗಿದೆ. ಒಳಗೆ ಅಂಕಿಗಳೂ ಹೀಗೇ ಅತ್ತಿಂದಿತ್ತ ಓಡುತ್ತಿವೆ. ಅವನ್ನು ಇದ್ದಲ್ಲೇ ಕೂರಿಸಿ ದುಡಿಸುವ ಬಟ್ಟೆಯ ಮೊದಲ ಗೇಣು ನಮ್ಮೂರಿನ ಮಗ್ಗದಲ್ಲೇ ನೇಯ್ದಾಗಿದೆ.