ನಿಮಗಿದು ಗೊತ್ತೇ? ಲಾಟರಿ ಸರ್ಕಾರದ್ದು, ದುಡ್ಡು ಯಾರದ್ದು?

ದೇಶದಲ್ಲಿ ಮೊದಲು ಲಾಟರಿ ಇಲಾಖೆ ತೆರೆದ ರಾಜ್ಯ ಕೇರಳ. 1967ರಲ್ಲಿ ಅದು ಖಾಸಗಿ ಲಾಟರಿಗಳನ್ನು ನಿಲ್ಲಿಸಿ ತಾನೇ ಟಿಕೆಟ್ ಮಾರಲು ಹೊರಟಿತು. ಆಗ ಹಣಕಾಸು ಸಚಿವರಾಗಿದ್ದವರು ಪಿ.ಕೆ. ಕುಂಜು. ಟಿಕೆಟ್ಟಿಗೆ 1 ರೂಪಾಯಿ, ಮೊದಲ ಬಹುಮಾನ 50,000 ರೂಪಾಯಿ. ಮೊದಲ ಡ್ರಾ ನಡೆದದ್ದು 1968ರ ಜನವರಿ 26ರಂದು.

ಈಗ ಅಲ್ಲಿ ವಾರದ ಏಳೂ ದಿನ ಡ್ರಾ. ಜೊತೆಗೆ ಓಣಂ, ವಿಷು, ಕ್ರಿಸ್‌ಮಸ್‌ಗೆ ಬಂಪರ್. ವರ್ಷಕ್ಕೆ ಹೆಚ್ಚುಕಡಿಮೆ 12,000 ಕೋಟಿ ರೂಪಾಯಿಯ ಟಿಕೆಟ್ ಮಾರಾಟವಾಗುತ್ತದೆ. ಇಷ್ಟೂ ಹಣ ಖಜಾನೆಗೆ ಹೋಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಆದರೆ ದೊಡ್ಡ ಪಾಲು ಬಹುಮಾನಕ್ಕೆ ಹೋಗುತ್ತದೆ, ಇನ್ನೊಂದಿಷ್ಟು ಏಜೆಂಟರ ಕಮಿಷನ್ನಿಗೆ. ಸರ್ಕಾರಕ್ಕೆ ಲಾಭವೆಂದು ಉಳಿಯುವುದು ಸಣ್ಣ ಪಾಲು, ಜೊತೆಗೆ ಜಿಎಸ್‌ಟಿಯಲ್ಲಿ ರಾಜ್ಯದ ಪಾಲು.

ಲಾಟರಿಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 40. ಅದಕ್ಕೂ ಮೊದಲು ಶೇ 28 ಇತ್ತು.

ತಿರುವೋಣಂ ಬಂಪರಿನ ಮೊದಲ ಬಹುಮಾನ 25 ಕೋಟಿ ರೂಪಾಯಿ, ಟಿಕೆಟ್ ಬೆಲೆ 500. 2024ರಲ್ಲಿ 70 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಾಟವಾದವು; ಮೊದಲ ಬಹುಮಾನ ಒಂದೇ ಒಂದು. ಅದು ಕರ್ನಾಟಕದವರೊಬ್ಬರಿಗೆ ಬಂತು. ಏಜೆಂಟರ ಪಾಲು ಶೇ 10, ಉಳಿದದ್ದರ ಮೇಲೆ ಶೇ 30 ಆದಾಯ ತೆರಿಗೆ, ಸರ್‌ಚಾರ್ಜ್, ಸೆಸ್. ಎಲ್ಲ ಕಳೆದರೆ 25 ಕೋಟಿಯಲ್ಲಿ ಗೆದ್ದವರ ಕೈಗೆ ಸಿಗುವುದು ಸುಮಾರು ಅರ್ಧ. ಗೆದ್ದ ಮೇಲಿನ ಪಾಡು ಬೇರೆ. ಸಾಲ ಕೇಳುವವರು, ನೆರವು ಬೇಡುವವರು ಮನೆ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಹೀಗಾಗಿ 2023ರಿಂದ ಗೆದ್ದವರಿಗೆ ಹಣ ನಿಭಾಯಿಸುವ ತರಬೇತಿಯನ್ನು ಲಾಟರಿ ಇಲಾಖೆಯೇ ಕೊಡಿಸತೊಡಗಿತು.

ಸೋತವರಿಗೆ? 70 ಲಕ್ಷ ಟಿಕೆಟ್‌ಗಳಲ್ಲಿ ಬಹುಪಾಲು ಅವರವೇ.

50 ರೂಪಾಯಿಯ ಟಿಕೆಟ್ ಎಲ್ಲರಿಗೂ 50 ರೂಪಾಯಿಯೇ. ದಿನಕ್ಕೆ 5,000 ಗಳಿಸುವವರಿಗೆ ಅದು ನೂರರಲ್ಲೊಂದು ಪಾಲು, 500 ಗಳಿಸುವವರಿಗೆ ಹತ್ತರಲ್ಲೊಂದು. ಹೆಚ್ಚು ಗಳಿಸುವವರು ಹೆಚ್ಚು ಕೊಡಲಿ ಎಂಬುದು ಆದಾಯ ತೆರಿಗೆಯ ನಿಯಮ. ಲಾಟರಿಯಲ್ಲಿ ಅದು ತಲೆಕೆಳಗಾಗುತ್ತದೆ. ದಿನಾ ಟಿಕೆಟ್ ಕೊಳ್ಳುವವರಲ್ಲಿ ಕೂಲಿಯವರು, ಆಟೊ ಓಡಿಸುವವರು, ಹೊರರಾಜ್ಯದ ಕಾರ್ಮಿಕರು ಎದ್ದು ಕಾಣುತ್ತಾರೆ. ನನ್ನ ಮಟ್ಟಿಗೆ ಇಡೀ ವಿಷಯದ ಬೇರು ಇಲ್ಲಿದೆ.

ಇನ್ನೊಂದು ಮುಖವನ್ನೂ ಹೇಳಬೇಕು. ಕೆ.ಎಂ. ಮಾಣಿ ಹಣಕಾಸು ಸಚಿವರಾಗಿದ್ದಾಗ ಶುರುವಾದ ‘ಕಾರುಣ್ಯ’ ಲಾಟರಿಯ ಹಣದಿಂದ ಕ್ಯಾನ್ಸರ್, ಹೃದಯ, ಮೂತ್ರಪಿಂಡದ ಕಾಯಿಲೆಗೆ ತುತ್ತಾದ ಬಡವರಿಗೆ ಚಿಕಿತ್ಸೆ ಸಿಕ್ಕಿದೆ. ರಸ್ತೆ ಬದಿಯಲ್ಲಿ, ಬಸ್ ನಿಲ್ದಾಣದಲ್ಲಿ ಟಿಕೆಟ್ ಮಾರುವವರಲ್ಲಿ ಅಂಗವಿಕಲರೂ ವಯಸ್ಸಾದವರೂ ಬಹಳ. ಅವರಿಗಾಗಿಯೇ ಕ್ಷೇಮನಿಧಿ ಮಂಡಳಿಯಿದೆ. ನಾಳೆ ಲಾಟರಿ ನಿಂತರೆ ಇವರ ಅನ್ನಕ್ಕೆ ಏನು ದಾರಿ ಎಂಬ ಪ್ರಶ್ನೆ ನಿಜವಾದದ್ದೇ. ಆದರೂ ಬಡವರ ಚಿಕಿತ್ಸೆಗೆ ಬಡವರ ಜೇಬಿನಿಂದಲೇ ಹಣ ಎತ್ತುವ ಏರ್ಪಾಡನ್ನು ನ್ಯಾಯವೆಂದು ಒಪ್ಪಲು ನನಗೆ ಆಗದು.

ಸರ್ಕಾರವೇ ಆಡಿಸಿದರೆ ಕಳ್ಳ ಜೂಜು ತಾನಾಗಿ ನಿಲ್ಲುತ್ತದೆ ಎಂಬ ಮಾತು ಹಳೆಯದು. ಕೇರಳದಲ್ಲಿ ಆದದ್ದು ಬೇರೆ. ಸರ್ಕಾರಿ ಲಾಟರಿಯ ಮೊದಲ ಬಹುಮಾನದ ಕೊನೆಯ ಮೂರು ಅಂಕಿ ಯಾವುದೆಂದು ಬಾಜಿ ಕಟ್ಟಿಸುವ ಕಳ್ಳ ದಂಧೆ ಹುಟ್ಟಿಕೊಂಡಿತು. ಅದಕ್ಕೆ ಟಿಕೆಟ್ ಬೇಡ, ತೆರಿಗೆಯಿಲ್ಲ. ಒಂದು ಚೀಟಿ ಅಥವಾ ಫೋನ್ ಇದ್ದರೆ ಸಾಕು. ಫಲಿತಾಂಶವನ್ನು ಸರ್ಕಾರವೇ ದಿನಾ ಹೊತ್ತಿಗೆ ಸರಿಯಾಗಿ ಪ್ರಕಟಿಸುವುದರಿಂದ, ಮೋಸವಾಗಿದೆ ಎಂಬ ತಕರಾರೂ ಏಳದು. ಪೊಲೀಸರು ಹಿಡಿಯುತ್ತಲೇ ಇದ್ದಾರೆ, ದಂಧೆ ನಡೆಯುತ್ತಲೇ ಇದೆ.

ಸಂವಿಧಾನ ಜೂಜನ್ನು ರಾಜ್ಯಗಳ ಪಟ್ಟಿಗೆ ಹಾಕಿದೆ. ಸರ್ಕಾರಗಳು ನಡೆಸುವ ಲಾಟರಿ ಮಾತ್ರ ಕೇಂದ್ರದ ಪಟ್ಟಿಯಲ್ಲಿದೆ. ಯಾರು ಯಾವುದನ್ನು ತಡೆಯಬಹುದು ಎಂಬ ಗೊಂದಲದ ಮೂಲ ಇದು.

1957ರಲ್ಲಿ ಸುಪ್ರೀಂ ಕೋರ್ಟ್, ಜೂಜು ವ್ಯಾಪಾರವಲ್ಲ, ವ್ಯಾಪಾರದ ಮೂಲಭೂತ ಹಕ್ಕು ಅದಕ್ಕೆ ಸಲ್ಲದು ಎಂದು ತೀರ್ಪಿತ್ತಿತು. ಆ ಮೊಕದ್ದಮೆ ಬೆಂಗಳೂರಿನಿಂದ ಹೊರಡುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ವಾರಪತ್ರಿಕೆಯ ಪದಬಂಧ ಸ್ಪರ್ಧೆಯದು!

ಕರ್ನಾಟಕ ಲಾಟರಿಯನ್ನು ಪೂರ್ತಿ ನಿಲ್ಲಿಸಿದ್ದು 2007ರಲ್ಲಿ. ತನ್ನ ಲಾಟರಿಯನ್ನು ಇಟ್ಟುಕೊಂಡು ಬೇರೆ ರಾಜ್ಯಗಳ ಟಿಕೆಟ್ಟನ್ನು ಮಾತ್ರ ತಡೆಯುವಂತಿರಲಿಲ್ಲ. ತಾನು ಲಾಟರಿ ನಡೆಸದ ರಾಜ್ಯಕ್ಕೆ ಮಾತ್ರ ಹೊರಗಿನದನ್ನು ನಿಷೇಧಿಸುವ ಹಕ್ಕು ಎಂದು 1999ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಅಂದರೆ ವರಮಾನ ಬಿಟ್ಟುಕೊಟ್ಟ ಸರ್ಕಾರಕ್ಕಷ್ಟೇ ಬಾಗಿಲು ಹಾಕುವ ಅಧಿಕಾರ. ತಮಿಳುನಾಡು 2003ರಲ್ಲೇ ಲಾಟರಿಯನ್ನು ನಿಲ್ಲಿಸಿತ್ತು.

ಒಂದಂಕಿ ಲಾಟರಿಯಂತೂ 1998ರ ಕೇಂದ್ರ ಕಾಯ್ದೆಯಲ್ಲೇ ನಿಷಿದ್ಧ. ಆದರೂ 2015ರಲ್ಲಿ ಕರ್ನಾಟಕದಲ್ಲಿ ಅದರ ಜಾಲ ಬಯಲಾಯಿತು. ಹಿರಿಯ ಪೊಲೀಸ್ ಅಧಿಕಾರಿಗಳ ಹೆಸರೂ ಕೇಳಿಬಂದು, ಪ್ರಕರಣವನ್ನು ಸಿಬಿಐಗೆ ಒಪ್ಪಿಸಬೇಕಾಯಿತು. ತಲಪಾಡಿಯಲ್ಲಿ ಕೇರಳದ ಗಡಿ ದಾಟಿದರೆ ಇಂದಿಗೂ ಲಾಟರಿ ಅಂಗಡಿ. ಮಂಜೇಶ್ವರ, ಕಾಸರಗೋಡಿನ ಕನ್ನಡಿಗರಿಗೆ ಅದು ದಿನನಿತ್ಯದ ನೋಟ.

ಲಾಟರಿಯಲ್ಲದ ಜೂಜಿಗೂ ಒಪ್ಪಿಗೆ ಕೊಟ್ಟ ರಾಜ್ಯಗಳಿವೆ. ಶಿಲ್ಲಾಂಗಿನ ‘ತೀರ್’ ನೋಡಿದ್ದೀರಾ? ಬಿಲ್ಲುಗಾರರು ಗುರಿಗೆ ಬಾಣ ಬಿಡುತ್ತಾರೆ. ನಾಟಿದ ಬಾಣಗಳ ಲೆಕ್ಕದ ಕೊನೆಯ ಎರಡು ಅಂಕಿಗೆ ಬಾಜಿ. 1982ರ ಕಾನೂನಿನಿಂದ ಮೇಘಾಲಯದಲ್ಲಿ ಇದು ಸಕ್ರಮ.

ಗೋವಾ 1992ರಲ್ಲಿ ಪಂಚತಾರಾ ಹೋಟೆಲಿನ ಸ್ಲಾಟ್ ಯಂತ್ರಗಳಿಗೆ ಒಪ್ಪಿಗೆ ಕೊಟ್ಟಿತು. 1996ರಲ್ಲಿ ಹಡಗಿನ ಮೇಲೆ ಇಸ್ಪೀಟು, ರೂಲೆ ಮೇಜುಗಳಿಗೂ ದಾರಿಯಾಯಿತು. ಈಗ ಪಣಜಿಯ ಮಾಂಡೋವಿ ನದಿಯಲ್ಲೇ ಕ್ಯಾಸಿನೊ ಹಡಗುಗಳು ಲಂಗರು ಹಾಕಿ ನಿಂತಿವೆ. ಆದರೆ ಅದೇ ಸರ್ಕಾರ ಗೋವಾದವರು ಅಲ್ಲಿ ಆಡಬಾರದೆಂದು ನಿಯಮ ಮಾಡಿತು. ನಮ್ಮ ಮಕ್ಕಳಿಗೆ ಕೆಡುಕು ಎಂದು ಗೊತ್ತಿರುವುದನ್ನು ನೆರೆಯವರ ಮಕ್ಕಳಿಗೆ ಮಾರುವುದು ಹೇಗೆ ಸರಿ?

ನೆರೆಯವರ ಜೇಬನ್ನು ನಂಬಿದ ಊರಿನ ಕಥೆ ಅಮೆರಿಕದ ನ್ಯೂಜೆರ್ಸಿಯಲ್ಲಿದೆ. ಸೊರಗಿದ್ದ ಕಡಲತೀರದ ಅಟ್ಲಾಂಟಿಕ್ ಸಿಟಿಯನ್ನು ಎತ್ತಿ ನಿಲ್ಲಿಸಲೆಂದು 1976ರಲ್ಲಿ ಜನ ಕ್ಯಾಸಿನೊಗೆ ಮತ ಹಾಕಿದರು. 1978ರಲ್ಲಿ ಮೊದಲನೆಯದು ತೆರೆಯಿತು. ತೆರಿಗೆಯ ಹಣ ವೃದ್ಧರಿಗೆ, ಅಂಗವಿಕಲರಿಗೆ ಮೀಸಲು. 2006ರಲ್ಲಿ ಗಳಿಕೆ 520 ಕೋಟಿ ಡಾಲರ್ ಮುಟ್ಟಿತು. ಅದೇ ವರ್ಷ ಪಕ್ಕದ ಪೆನ್ಸಿಲ್ವೇನಿಯಾ ತನ್ನದೇ ಕ್ಯಾಸಿನೊಗಳನ್ನು ತೆರೆಯಿತು. ಆಟಗಾರರು ಮನೆಯ ಹತ್ತಿರವೇ ಉಳಿದರು. 2014 ಒಂದೇ ವರ್ಷದಲ್ಲಿ ಹನ್ನೆರಡರಲ್ಲಿ ನಾಲ್ಕು ಕ್ಯಾಸಿನೊ ಮುಚ್ಚಿದವು, ಸುಮಾರು 8,000 ಮಂದಿ ಕೆಲಸ ಕಳೆದುಕೊಂಡರು. 240 ಕೋಟಿ ಡಾಲರ್ ಸುರಿದು ಕಟ್ಟಿದ್ದ ‘ರೆವೆಲ್’ ಮರುವರ್ಷ 8.2 ಕೋಟಿ ಡಾಲರಿಗೆ ಮಾರಾಟವಾಯಿತು. 2016ರಲ್ಲಿ ನಗರದ ಹಣಕಾಸಿನ ಆಡಳಿತವನ್ನು ರಾಜ್ಯ ಸರ್ಕಾರವೇ ಕೈಗೆತ್ತಿಕೊಂಡಿತು.

ನಮ್ಮ ದೇಶದಲ್ಲಿ ಲಾಟರಿಯ ಹಣ ರಾಜಕೀಯಕ್ಕೂ ಹರಿದಿದೆ. ಪಕ್ಷಗಳಿಗೆ ದೇಣಿಗೆ ಕೊಡಲೆಂದಿದ್ದ ಚುನಾವಣಾ ಬಾಂಡ್‌ಗಳ ವಿವರ 2024ರ ಮಾರ್ಚ್‌ನಲ್ಲಿ ಹೊರಬಿದ್ದಾಗ, ಅತಿ ಹೆಚ್ಚು ಬಾಂಡ್ ಕೊಂಡದ್ದು ಒಂದು ಲಾಟರಿ ಕಂಪನಿ ಎಂದು ತಿಳಿಯಿತು: ಫ್ಯೂಚರ್ ಗೇಮಿಂಗ್, 1,368 ಕೋಟಿ ರೂಪಾಯಿ.

2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ವರ್ಷಕ್ಕೆ 45 ಕೋಟಿ ಜನ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಎಂಬುದು ಕೇಂದ್ರ ಕೊಟ್ಟ ಅಂದಾಜು. ರಾಜ್ಯಗಳ ಕಾಗದದ ಲಾಟರಿ ಹಾಗೆಯೇ ಮುಂದುವರಿದಿದೆ.

ಸಂಸತ್ತಿನ ಈ ನಿಷೇಧಕ್ಕೆ ಕೆಲವೇ ವಾರ ಮೊದಲು, 1999ರಲ್ಲಿ ಲಾಟರಿ ನಿಲ್ಲಿಸಿದ್ದ ಹಿಮಾಚಲ ಪ್ರದೇಶದ ಸಂಪುಟ ಅದನ್ನು ಮತ್ತೆ ಶುರುಮಾಡಲು ತೀರ್ಮಾನಿಸಿತು. ಆ ರಾಜ್ಯದ ಸಾಲದ ಹೊರೆ ಎಲ್ಲರಿಗೂ ತಿಳಿದದ್ದೇ. ಮೊದಲ ಟಿಕೆಟ್ ಅಚ್ಚಾಗುವ ಮುನ್ನ ಅವರು ಒಂದು ಸಮೀಕ್ಷೆ ಮಾಡಿಸಲಿ: ಪಕ್ಕದ ಪಂಜಾಬಿನಲ್ಲಿ ಟಿಕೆಟ್ ಕೊಳ್ಳುವವರ ದಿನದ ಗಳಿಕೆ ಎಷ್ಟು, ಅದರಲ್ಲಿ ಟಿಕೆಟ್ಟಿಗೆ ಹೋಗುವುದೆಷ್ಟು, ಮನೆಗೆ ತಲುಪುವುದೆಷ್ಟು.