ಚಿತ್ತಾರದ ಅಲಗಿನ ಚೂರಿ

ಉಕ್ಕಿನ ಮೈಯಲ್ಲಿ ನೀರಿನ ಅಲೆಯನ್ನೋ ಮರದ ಎಳೆಯನ್ನೋ ಹೋಲುವ ಗೆರೆಗಳು ಮೂಡಿರುವ, ಕೈಯಿಂದ ಬಡಿದು ರೂಪಿಸಿದ ಚೂರಿಯನ್ನು ಚಿತ್ತಾರದ ಅಲಗಿನ ಚೂರಿ ಎನ್ನಬಹುದು. ಈ ಗೆರೆಗಳು ಕೆತ್ತಿದವೂ ಅಲ್ಲ, ಬಳಿದವೂ ಅಲ್ಲ. ಲೋಹದ ಒಳರಚನೆಯೇ ಮೇಲ್ಮೈಯಲ್ಲಿ ಕಾಣಿಸಿಕೊಳ್ಳುತ್ತದೆ. ಇಂಥ ಅಲಗುಗಳೆಲ್ಲ ‘ಡಮಾಸ್ಕಸ್ ಉಕ್ಕು’ ಎಂಬ ಒಂದೇ ಹೆಸರಿನಿಂದ ಪ್ರಸಿದ್ಧವಾಗಿದ್ದರೂ ಇವುಗಳಲ್ಲಿ ಎರಡು ಬೇರೆ ಬಗೆಗಳಿವೆ.

ಮೂಸೆಯ ಉಕ್ಕು

ಮೊದಲನೆಯದು ದಕ್ಷಿಣ ಭಾರತದಲ್ಲಿ ಪ್ರಸಿದ್ಧವಾಗಿದ್ದ ಮೂಸೆಯ ಉಕ್ಕು. ಇದರ ಇಂಗ್ಲಿಷ್ ಹೆಸರು ‘ವೂಟ್ಜ್’. ಇದು ಕನ್ನಡದ ‘ಉಕ್ಕು’ ಎಂಬ ಪದದ ಅಪಭ್ರಂಶವೆಂದು ಅನೇಕ ವಿದ್ವಾಂಸರು ಅಭಿಪ್ರಾಯಪಡುತ್ತಾರೆ. 1795ರಲ್ಲಿ ಜಾರ್ಜ್ ಪಿಯರ್‌ಸನ್ ಲಂಡನ್ನಿನ ರಾಯಲ್ ಸೊಸೈಟಿಗೆ ಸಲ್ಲಿಸಿದ ಪ್ರಬಂಧದಲ್ಲಿ ಈ ಹೆಸರು ಬರುತ್ತದೆ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇದರ ತಯಾರಿಕೆಯನ್ನು ವರ್ಣಿಸಿದ್ದಾನೆ. ಕಬ್ಬಿಣದ ತುಂಡುಗಳನ್ನು ತಂಗಡಿ ಗಿಡದ ಕಡ್ಡಿ ಮತ್ತು ಹಸಿ ಎಲೆಗಳೊಡನೆ ಮಣ್ಣಿನ ಮೂಸೆಯಲ್ಲಿ ಇಟ್ಟು, ಬಾಯಿ ಮುಚ್ಚಿ, ಇದ್ದಿಲ ಬೆಂಕಿಯಲ್ಲಿ ಕಾಯಿಸಲಾಗುತ್ತಿತ್ತು. ಸಸ್ಯದಲ್ಲಿನ ಇಂಗಾಲವನ್ನು ಹೀರಿಕೊಂಡ ಕಬ್ಬಿಣ ಉಕ್ಕಾಗುತ್ತಿತ್ತು.

ಈ ಉಕ್ಕಿನಲ್ಲಿ ಇಂಗಾಲದ ಪ್ರಮಾಣ ಸುಮಾರು ಶೇ. 1.5. ಅತಿಯಾಗಿ ಕಾಯಿಸಿದರೆ ಗಟ್ಟಿಯು ಸುತ್ತಿಗೆಯ ಏಟಿಗೆ ಒಡೆಯುತ್ತದೆ, ಚಿತ್ತಾರವೂ ಅಳಿಯುತ್ತದೆ. ಹದವಾದ ಕೆಂಪು ಕಾವಿನಲ್ಲಿ ಮತ್ತೆ ಮತ್ತೆ ಕಾಯಿಸಿ ಬಡಿದಾಗ ಇಂಗಾಲ ಕೂಡಿದ ಗಡಸು ಕಣಗಳು ಸಾಲುಗಟ್ಟುತ್ತವೆ. ಆಮ್ಲದಿಂದ ತೊಳೆದಾಗ ಸುತ್ತಲಿನ ಉಕ್ಕು ಕಪ್ಪಾಗಿ, ಈ ಸಾಲುಗಳು ಬಿಳಿಯಾಗಿ ಎದ್ದು ಕಾಣುತ್ತವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಅಗ್ಗದ ಉಕ್ಕಿನ ಮುಂದೆ ಈ ಕಸುಬು ನಶಿಸಿತು. ಅಮೆರಿಕದ ಲೋಹವಿಜ್ಞಾನಿ ಜಾನ್ ವರ್ಹೋವನ್ ಮತ್ತು ಕಮ್ಮಾರ ಆಲ್‌ಫ್ರೆಡ್ ಪೆಂಡ್ರೆ ಇಂಥ ಅಲಗನ್ನು ಮರುಸೃಷ್ಟಿಸಿ, ಅದಿರಿನಲ್ಲಿನ ಅತ್ಯಲ್ಪ ವನೇಡಿಯಂನಂಥ ಧಾತುಗಳೇ ಸಾಲುಗಟ್ಟುವಿಕೆಗೆ ಕಾರಣವೆಂದು 1998ರಲ್ಲಿ ವಿವರಿಸಿದರು. ಕೈಚಳಕದಷ್ಟೇ ಅದಿರೂ ಮುಖ್ಯವಾಗಿತ್ತೆಂದು ಇದರಿಂದ ತಿಳಿಯುತ್ತದೆ.

ಬೆಸುಗೆಯ ಉಕ್ಕು

ಇಂದು ‘ಡಮಾಸ್ಕಸ್’ ಎಂದು ಮಾರಾಟವಾಗುವ ಚೂರಿಗಳಲ್ಲಿ ಬಹುಪಾಲು ಎರಡನೆಯ ಬಗೆಯವು. ಎರಡು ಜಾತಿಯ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ಕುಲುಮೆಯಲ್ಲಿ ಕಾಯಿಸಿ, ಬಡಿದು ಬೆಸೆದು, ಮಡಚಿ ಪದರಗಳನ್ನು ಹೆಚ್ಚಿಸುತ್ತಾರೆ. ನಿಕ್ಕಲ್ ಇರುವ ಪದರ ಆಮ್ಲದಲ್ಲಿ ಹೊಳಪನ್ನು ಉಳಿಸಿಕೊಳ್ಳುತ್ತದೆ, ಉಳಿದದ್ದು ಕಪ್ಪಾಗುತ್ತದೆ. ಕೇವಲ ಮೇಲ್ಮೈಯಲ್ಲಿ ಅಚ್ಚೊತ್ತಿದ ನಕಲಿ ಚಿತ್ತಾರ ಉಜ್ಜಿದರೆ ಅಳಿದುಹೋಗುತ್ತದೆ. ನಿಜವಾದ ಚಿತ್ತಾರ ಪುನಃ ಆಮ್ಲ ಹಚ್ಚಿದಾಗ ಮರಳಿ ಮೂಡುತ್ತದೆ.

ಹಿಡಿ

ಮೊಗಲರ ಮತ್ತು ದಖ್ಖನಿನ ಕಠಾರಿಗಳಿಗೆ ಲೋಹ, ಕಲ್ಲು, ಆನೆಯ ದಂತ ಹಾಗೂ ಶೀತಸಮುದ್ರದ ವಾಲ್ರಸ್ ಪ್ರಾಣಿಯ ದಂತದ ಹಿಡಿಗಳಿದ್ದವು. ಇಂದಿನ ಕುಶಲಕರ್ಮಿಗಳು ಸೈಬೀರಿಯ, ಅಲಾಸ್ಕಗಳ ಹೆಪ್ಪುನೆಲದಲ್ಲಿ ದೊರೆಯುವ ಮ್ಯಾಮತ್‌ನ ದಂತ ಮತ್ತು ದವಡೆಹಲ್ಲನ್ನೂ ಬಳಸುತ್ತಾರೆ. ಬಿರುಕು ಬಿಡದಂತೆ ದವಡೆಹಲ್ಲಿಗೆ ಮೊದಲು ರಾಳವನ್ನು ಹೀರಿಸುತ್ತಾರೆ. ಭಾರತದಲ್ಲಿ ಆನೆದಂತದ ವ್ಯಾಪಾರ ನಿಷಿದ್ಧ.

ವಿಜಯಪುರ ಸೀಮೆ

ಆದಿಲಶಾಹಿ ರಾಜಧಾನಿಯಾಗಿದ್ದ ವಿಜಯಪುರದಲ್ಲಿ 1570ರ ವೇಳೆಗೆ ಸಿದ್ಧವಾದ ‘ನುಜೂಮ್ ಅಲ್-ಉಲೂಮ್’ ಎಂಬ ಸಚಿತ್ರ ಗ್ರಂಥವು ಆಯುಧಗಳನ್ನೂ ನಿರೂಪಿಸುತ್ತದೆ. ಗೋಳಗುಮ್ಮಟದ ಆವರಣದ ವಸ್ತುಸಂಗ್ರಹಾಲಯದಲ್ಲಿ ಹಳೆಯ ಆಯುಧಗಳಿವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಕಂಬಾರರ ಕೆಲಸ ಮುಖ್ಯವಾಗಿ ಕುಡಗೋಲು, ಕೊಡಲಿ, ಕುಂಟೆಗಳಂಥ ಒಕ್ಕಲುತನದ ಉಪಕರಣಗಳದು. ಅವುಗಳಲ್ಲಿ ಚಿತ್ತಾರವಿಲ್ಲ, ಆದರೆ ಕಾವಿನ ಬಣ್ಣ ನೋಡಿ ಹದ ತಿಳಿಯುವುದು ಎರಡೂ ಕಸುಬುಗಳಿಗೆ ಸಮಾನವಾದ ವಿದ್ಯೆ.