ನಿಮಗಿದು ಗೊತ್ತೆ? ಕಬ್ಬು ಕೊಳ್ಳುವವರು ಬೆರಳೆಣಿಕೆಯಷ್ಟು!
ಕಲಬುರಗಿ ಜಿಲ್ಲೆಯ ಆಳಂದದ ಭೂಸನೂರು, ಅಫಜಲಪುರದ ಹಾವಳಗಾ, ಹಳೆಯ ಜೇವರ್ಗಿ ತಾಲ್ಲೂಕಿನ ಮಳ್ಳಿ, ಮೂರೂ ಕಡೆ ಸಕ್ಕರೆ ಕಾರ್ಖಾನೆಗಳಿವೆ. ಹಾಗೆಂದು ಪೈಪೋಟಿ ಜೋರಾಗಿರುತ್ತದೆ ಎನ್ನುವಂತಿಲ್ಲ. ಕಡಿದ ಕಬ್ಬು ಒಣಗಿದಂತೆ ತೂಕ, ಸಕ್ಕರೆ ಅಂಶ ಎರಡೂ ಇಳಿಯುತ್ತವೆ. ದೂರ ಸಾಗಿಸಿದರೆ ನಷ್ಟ. ಮೇಲಾಗಿ ಎರಡು ಕಾರ್ಖಾನೆಗಳ ನಡುವೆ ಕನಿಷ್ಠ 15 ಕಿ.ಮೀ. ಅಂತರವಿರಬೇಕೆಂಬ ಕೇಂದ್ರದ ನಿಯಮ ಬೇರೆ. ಮಾರುವವರು ಸಾವಿರಾರು, ಕೊಳ್ಳುವವರು ಒಬ್ಬಿಬ್ಬರು!

ಕೊಳ್ಳುವವರ ಇಂಥ ಏಕಸ್ವಾಮ್ಯವನ್ನು ಬ್ರಿಟನ್ನಿನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1933ರಲ್ಲೇ ವಿವರಿಸಿದ್ದರು.

ರೈತರ ರಕ್ಷಣೆಗೆಂದು ಕೇಂದ್ರವೇ ಕನಿಷ್ಠ ದರ, ಅಂದರೆ ಎಫ್‌ಆರ್‌ಪಿ, ನಿಗದಿ ಮಾಡುತ್ತದೆ. 2025–26ರ ಹಂಗಾಮಿಗೆ ಅದು ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ.